ನಲವತ್ತು ಮಿಲಿಮೀಟರಿಗೆ ಜಾಗ

ಮೋಟಾರ್ ಸೈಕಲ್ಲನ್ನು ಕೊಳ್ಳುವವನು ಅದನ್ನು ಪಕ್ಕದಿಂದ ನೋಡಿ ಕೊಳ್ಳುತ್ತಾನೆ. ಊರು ಅದನ್ನು ಹಿಂದಿನಿಂದ ನೋಡುತ್ತದೆ. ಸಂಜೆಯ ವೇಳೆ ವೈಟ್‌ಫೀಲ್ಡಿನ ಹೋಪ್ ಫಾರ್ಮ್ ವೃತ್ತದಲ್ಲಿ ದೀಪ ಹಸಿರಾಗುವುದನ್ನು ಕಾಯುತ್ತ ನಿಂತ ಜನಸಂದಣಿಗೆ ಮುಂದಿನವನ ಮುಖ ಕಾಣುವುದಿಲ್ಲ. ಕಾಣುವುದು ಅವನ ವಾಹನದ ಹಿಂಬದಿ. ಅದರಲ್ಲೂ ಹಿಂದಿನ ಚಕ್ರ. ಆ ಚಕ್ರ ದಪ್ಪನಾಗಿ, ಆನೆಯ ಕಾಲಿನಂತೆ ನೆಲವನ್ನು ಒತ್ತಿಕೊಂಡು ನಿಂತಿದ್ದರೆ ನೋಡುವವರ ಕಣ್ಣು ಒಂದು ಕ್ಷಣ ಅಲ್ಲಿಯೇ ತಂಗುತ್ತದೆ. ಹತ್ತು ಗಂಟೆಗಳ ಕಾಲ ಗಣಕಯಂತ್ರದ ಮುಂದೆ ಕುಳಿತು ಬಂದ ತರುಣನೊಬ್ಬನಿಗೆ ತನ್ನ ವಾಹನವೂ ಹಾಗೆಯೇ ಕಾಣಬೇಕೆಂಬ ಆಸೆ ಹುಟ್ಟುವುದು ಆಶ್ಚರ್ಯವಲ್ಲ.

ಕ್ರೂಸರ್ ಎಂಬ ಜಾತಿಯ ಮೋಟಾರ್ ಸೈಕಲ್ಲಿಗೆ ಈ ಆಸೆ ಹೆಚ್ಚಾಗಿ ಅಂಟಿಕೊಂಡಿದೆ. ತಗ್ಗಿದ ಆಸನ, ಮುಂದಕ್ಕೆ ಚಾಚಿದ ಕಾಲುಗಳು, ಎತ್ತರದ ಹಿಡಿ, ಅವಸರವಿಲ್ಲದ ಎಂಜಿನ್ ಇವು ಅದರ ಲಕ್ಷಣ. ಅಮೆರಿಕದ ವಿಶಾಲವಾದ ಹೆದ್ದಾರಿಗಳಲ್ಲಿ ಬೆಳೆದ ರೂಪ ಅದು. 2003ರಿಂದ ದೂರದರ್ಶನದಲ್ಲಿ ಬಂದ ‘ಅಮೆರಿಕನ್ ಚಾಪರ್’ ಎಂಬ ಸರಣಿಯಂತಹ ಕಾರ್ಯಕ್ರಮಗಳು, ಅಲ್ಲಿನ ಕಮ್ಮಟಗಳಲ್ಲಿ ಕೈಯಿಂದ ಕಟ್ಟಿದ ಉದ್ದನೆಯ, ಅತ್ಯಗಲ ಟೈರಿನ ವಾಹನಗಳನ್ನು ಜಗತ್ತಿನ ಮನೆಮನೆಗೂ ತೋರಿಸಿದವು. ಆ ಕಾಲದಲ್ಲಿ ಶಾಲೆಗೆ ಹೋಗುತ್ತಿದ್ದ ಹುಡುಗರು ಈಗ ಸಂಪಾದಿಸುವವರಾಗಿದ್ದಾರೆ.

ಇವರ ತಂದೆಯರ ಕಾಲದ ಸಂಗತಿಯೇ ಬೇರೆ. 1961ರಿಂದ ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ ಆಗಲಿ, ಅದೇ ಕಾಲದ ಬುಲೆಟ್ ಆಗಲಿ, ಹಿಂದಿನ ಚಕ್ರಕ್ಕೆ ಹಾಕಿಕೊಂಡಿದ್ದ ಟೈರಿನ ಅಗಲ ಮೂರೂಕಾಲು ಅಂಗುಲ. ಅದರ ಮೇಲೆ ಗಂಡ, ಹೆಂಡತಿ, ಪೆಟ್ರೋಲ್ ಟ್ಯಾಂಕಿನ ಮೇಲೊಂದು ಮಗು, ತೊಡೆಯ ಮೇಲೊಂದು ಮಗು, ಇವರೆಲ್ಲರ ನಡುವೆ ತರಕಾರಿಯ ಚೀಲ, ಹೀಗೆ ಇಡೀ ಸಂಸಾರ ನಂಜನಗೂಡಿಗೋ ಶ್ರೀರಂಗಪಟ್ಟಣಕ್ಕೋ ಹೋಗಿ ಬರುತ್ತಿತ್ತು. ಅದು ಕಾನೂನಿಗೆ ಒಪ್ಪಿತವಾಗಿತ್ತೆಂದಲ್ಲ. ಟೈರು ಕಿರಿದಾಯಿತೆಂದು ಯಾರೂ ಗೊಣಗಿರಲಿಲ್ಲವೆಂಬುದಷ್ಟೇ ಮಾತು.

ಇಂದಿನ ತರುಣ ಕೇಳುವುದು 180 ಮಿಲಿಮೀಟರ್, ಅಂದರೆ ಏಳು ಅಂಗುಲಕ್ಕೂ ಮಿಗಿಲು.

ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಅಂಕೆಗಳನ್ನು ಓದುವ ಬಗೆಯನ್ನು ಇಲ್ಲಿ ಹೇಳಿಬಿಡುವುದು ಮೇಲು. ರಾಯಲ್ ಎನ್‌ಫೀಲ್ಡ್ ಸಂಸ್ಥೆ 2020ರಲ್ಲಿ ಹೊರತಂದ ಮೀಟಿಯರ್ 350 ಎಂಬ ಕ್ರೂಸರಿನ ಹಿಂದಿನ ಟೈರು 140/70-17. ಮೊದಲ ಅಂಕೆ ಮಿಲಿಮೀಟರಿನಲ್ಲಿ ಅಗಲ. ಎರಡನೆಯದು, ಟೈರಿನ ಗೋಡೆಯ ಎತ್ತರ ಅಗಲದ ನೂರಕ್ಕೆ ಎಷ್ಟು ಪಾಲು ಎಂಬುದು. ಮೂರನೆಯದು ರಿಮ್ಮಿನ ವ್ಯಾಸ, ಅಂಗುಲದಲ್ಲಿ. ಲೆಕ್ಕ ಹಾಕಿದರೆ ಈ ಚಕ್ರದ ಒಟ್ಟು ವ್ಯಾಸ ಸುಮಾರು 628 ಮಿಲಿಮೀಟರ್. ಈಗ 180/55-17 ಎಂಬ ಟೈರನ್ನು ತೆಗೆದುಕೊಳ್ಳಿ. ಅದರ ವ್ಯಾಸ ಸುಮಾರು 630. ಎತ್ತರದಲ್ಲಿ ಎರಡೇ ಮಿಲಿಮೀಟರಿನ ವ್ಯತ್ಯಾಸ! ಆದ್ದರಿಂದಲೇ ಹಲವರು ‘ಹಳೆಯದನ್ನು ಬಿಚ್ಚುವುದು, ಹೊಸದನ್ನು ತೊಡಿಸುವುದು, ಅರ್ಧ ದಿನದ ಕೆಲಸ’ ಎಂದು ಭಾವಿಸುತ್ತಾರೆ. ಎತ್ತರದ ಲೆಕ್ಕ ಸರಿಹೋಗುತ್ತದೆ. ಉಳಿದದ್ದು ಅಗಲದ ನಲವತ್ತು ಮಿಲಿಮೀಟರ್, ಎಡಕ್ಕೆ ಇಪ್ಪತ್ತು, ಬಲಕ್ಕೆ ಇಪ್ಪತ್ತು. ಕಿರುಬೆರಳಿನ ಅಗಲಕ್ಕಿಂತ ತುಸು ಹೆಚ್ಚು.

ಈ ಕಿರುಬೆರಳಿನ ಕಥೆಯೇ ಪೀಣ್ಯದ ಲೇತುಗಳಿಗೆ ಕೆಲಸ ಕೊಡುವ ಕಥೆ.

ತುಮಕೂರು ರಸ್ತೆಯ ಬದಿಯಲ್ಲಿ 1970ರ ದಶಕದಿಂದ ಬೆಳೆದ ಪೀಣ್ಯದ ಕೈಗಾರಿಕಾ ಪ್ರದೇಶದಲ್ಲಿ ಒಂದೇ ಶೆಡ್ಡು, ಎರಡೇ ಯಂತ್ರ, ಮೂವರೇ ಕೆಲಸಗಾರರಿರುವ ಕಾರ್ಖಾನೆಗಳು ಲೆಕ್ಕವಿಲ್ಲದಷ್ಟಿವೆ. ದೊಡ್ಡ ಕಾರ್ಖಾನೆಗಳಿಗೆ ಬುಷ್, ಪಿನ್ನು, ಗೇರು ಕಡೆದುಕೊಡುವುದು ಇವರ ನಿತ್ಯದ ವೃತ್ತಿ. ಇಂತಹ ಶೆಡ್ಡಿಗೆ ಶನಿವಾರ ಮಧ್ಯಾಹ್ನ ತರುಣನೊಬ್ಬ ತನ್ನ ಕ್ರೂಸರನ್ನೂ, ಕಾಗದ ಸುತ್ತಿದ ಹೊಸ ಟೈರನ್ನೂ ತಂದನೆಂದು ಇಟ್ಟುಕೊಳ್ಳಿ. ಮೂವತ್ತು ವರ್ಷ ಲೇತಿನ ಮುಂದೆ ನಿಂತ ಟರ್ನರು ವರ್ನಿಯರನ್ನು ಕೈಗೆತ್ತಿಕೊಳ್ಳುವ ಮೊದಲೇ ಕೇಳುವ ಪ್ರಶ್ನೆ ಇದು: “ಟೈರು ತಂದಿದ್ದೀರಿ ಸಾರ್, ಸರಿ. ಅದಕ್ಕೆ ಜಾಗ ತಂದಿದ್ದೀರಾ?”

ಹಿಂದಿನ ಚಕ್ರ ಎರಡು ತೋಳುಗಳ ನಡುವೆ ತಿರುಗುತ್ತದೆ. ಸ್ವಿಂಗ್ ಆರ್ಮ್ ಎಂದು ಅದರ ಹೆಸರು. ಒಂದು ತೋಳಿನ ಬದಿಗೆ ಚೈನು, ಇನ್ನೊಂದರ ಬದಿಗೆ ಬ್ರೇಕಿನ ಡಿಸ್ಕು. ಕಾರ್ಖಾನೆಯವರು 140ರ ಟೈರಿಗೆ ಎಷ್ಟು ಬೇಕೋ ಅಷ್ಟೇ ಜಾಗವನ್ನು ಇಟ್ಟಿರುತ್ತಾರೆ. ಅಲ್ಲಿಗೆ 180 ಅನ್ನು ತುರುಕಿದರೆ ಒಂದು ಬದಿಯಲ್ಲಿ ಟೈರು ಚೈನನ್ನು ಉಜ್ಜುತ್ತದೆ, ಇನ್ನೊಂದು ಬದಿಯಲ್ಲಿ ತೋಳನ್ನೇ ಉಜ್ಜುತ್ತದೆ. ಆದುದರಿಂದ ಪರಿವರ್ತನೆಯ ಕಿಟ್ಟು ಎಂದು ಮಾರಾಟವಾಗುವ ಪೆಟ್ಟಿಗೆಯಲ್ಲಿ ಟೈರಿಗಿಂತ ಮುಖ್ಯವಾದ ವಸ್ತುಗಳಿರಬೇಕು: ಅಗಲವಾದ ಸ್ವಿಂಗ್ ಆರ್ಮ್, ಉದ್ದನೆಯ ಆಕ್ಸಲ್, ಸುಮಾರು ಐದೂವರೆ ಅಂಗುಲ ಅಗಲದ ರಿಮ್ಮು, ಸ್ಪೇಸರುಗಳು, ಬ್ರೇಕಿನ ಕ್ಯಾಲಿಪರನ್ನು ಹೊಸ ಜಾಗದಲ್ಲಿ ಹಿಡಿಯುವ ಕೊಂಡಿ, ಅಗಲವಾದ ಮಡ್‌ಗಾರ್ಡ್. ಇವಿಲ್ಲದ ಕಿಟ್ಟು ಕಿಟ್ಟಲ್ಲ, ಬರಿಯ ಟೈರಿನ ವ್ಯಾಪಾರ.

ರಿಮ್ಮಿನ ವಿಷಯದಲ್ಲಿ ಮಾತ್ರ ಒಂದು ಎಚ್ಚರಿಕೆ. ಹಣ ಉಳಿಸಲೆಂದು ಹಳೆಯ ನಾಲ್ಕು ಅಂಗುಲದ ರಿಮ್ಮಿಗೇ 180ರ ಟೈರನ್ನು ತೊಡಿಸುವವರಿದ್ದಾರೆ. ಆಗ ಟೈರಿನ ಅಂಚುಗಳು ಒಳಕ್ಕೆ ಹಿಂಡಿಕೊಂಡು ನಡುವೆ ಗೂನು ಬೆನ್ನು ಏಳುತ್ತದೆ. ನೆಲಕ್ಕೆ ತಾಗುವುದು ಆ ಗೂನು ಮಾತ್ರ. ಅಗಲಕ್ಕೆಂದು ದುಡ್ಡು ಕೊಟ್ಟವನು ರಸ್ತೆಯ ಮೇಲೆ ಕಿರಿದಾದ ಪಟ್ಟಿಯೊಂದರ ಮೇಲೆ ಓಡುತ್ತಾನೆ. ತಿರುವಿನಲ್ಲಿ ವಾಹನ ತಟ್ಟನೆ ಬಾಗುತ್ತದೆ.

ಇನ್ನು ಚೈನಿನ ವಿಚಾರ. ಎಂಜಿನ್ನಿನಿಂದ ಹೊರಬರುವ ದಂಡದ ತುದಿಯಲ್ಲಿರುವ ಚಿಕ್ಕ ಸ್ಪ್ರಾಕೆಟ್ಟೂ, ಹಿಂದಿನ ಚಕ್ರದ ದೊಡ್ಡ ಸ್ಪ್ರಾಕೆಟ್ಟೂ ಒಂದೇ ಗೆರೆಯಲ್ಲಿರಬೇಕು. ಹಿಂದಿನದನ್ನು ಇಪ್ಪತ್ತು ಮಿಲಿಮೀಟರ್ ಹೊರಗೆ ಸರಿಸಿದ ಮೇಲೆ ಮುಂದಿನದನ್ನೂ ಅಷ್ಟೇ ಸರಿಸದೆ ಗತ್ಯಂತರವಿಲ್ಲ. ಇಲ್ಲವಾದರೆ ಚೈನು ಓರೆಯಾಗಿ ಓಡಿ, ಹಲ್ಲುಗಳ ಒಂದೇ ಪಕ್ಕವನ್ನು ತಿಂದು, ಕಡೆಗೊಂದು ದಿನ ಕಳಚಿಕೊಳ್ಳುತ್ತದೆ. ಕಳಚಿದ ಚೈನು ಚಕ್ರಕ್ಕೆ ಸುತ್ತಿಕೊಂಡರೆ ಏನಾಗುವುದೆಂದು ವಿವರಿಸಬೇಕಾಗಿಲ್ಲ. ಸರಿ, ಮುಂದಿನದನ್ನೂ ಸರಿಸಿದರಾಯಿತೆಂದರೆ, ಅಲ್ಲಿ ಬೇರೊಂದು ತೊಡಕು ಕಾದಿರುತ್ತದೆ. ಬಾವಿಯ ರಾಟೆಯನ್ನು ಅಡ್ಡತೊಲೆಯ ಬುಡದಲ್ಲಿ ಕಟ್ಟಿದರೆ ತೊಲೆ ತಾಳುತ್ತದೆ. ತುದಿಯಲ್ಲಿ ಕಟ್ಟಿದರೆ ಅದೇ ಕೊಡ ತೊಲೆಯನ್ನು ಬಾಗಿಸುತ್ತದೆ. ಬೇರಿಂಗಿನಿಂದ ಸ್ಪ್ರಾಕೆಟ್ಟಿಗೆ ಇಪ್ಪತ್ತು ಮಿಲಿಮೀಟರ್ ಇದ್ದ ಅಂತರ ನಲವತ್ತಾದರೆ, ಚೈನಿನ ಎಳೆತ ಅಷ್ಟೇ ಇದ್ದರೂ ದಂಡವನ್ನು ಬಾಗಿಸುವ ಬಲ ಎರಡರಷ್ಟಾಗುತ್ತದೆ. ಆ ದಂಡ, ಆ ಬೇರಿಂಗು, ಅದರ ಎಣ್ಣೆಯ ಸೀಲು ಇವಾವುವೂ ಈ ಹೊರೆಗೆಂದು ಮಾಡಿದವಲ್ಲ. ಬಲ್ಲ ಕುಶಲಿಗರು ದಂಡದ ಹೊರತುದಿಗೆ ಇನ್ನೊಂದು ಬೇರಿಂಗಿನ ಆಸರೆ ಕೊಡುತ್ತಾರೆ. ಅದು ಕಿಟ್ಟಿನಲ್ಲಿ ಇದೆಯೇ ಎಂದು ಕೇಳಿ ನೋಡಿದರೆ ಮಾರುವವನ ಯೋಗ್ಯತೆ ತಿಳಿದುಹೋಗುತ್ತದೆ.

ಈ ತಾಪತ್ರಯಗಳನ್ನು ತಪ್ಪಿಸಿಕೊಳ್ಳಲು ಕೆಲವರು ಹೂಡುವ ಉಪಾಯ ಮತ್ತೂ ಕೆಟ್ಟದ್ದು. ಚೈನು ಇದ್ದಲ್ಲೇ ಇರಲಿ ಎಂದು ಚಕ್ರವನ್ನೇ ಇನ್ನೊಂದು ಬದಿಗೆ ಸರಿಸಿಬಿಡುತ್ತಾರೆ. ಆಗ ಮುಂದಿನ ಚಕ್ರ ಒಂದು ದಾರಿ, ಹಿಂದಿನದು ಒಂದು ದಾರಿ. ಗಾರೆಯವನು ಗೋಡೆಗೆ ದಾರ ಹಿಡಿಯುವಂತೆ, ನಿಂತ ವಾಹನದ ಹಿಂದಿನ ಟೈರಿನಿಂದ ಮುಂದಿನ ಟೈರಿನವರೆಗೆ ಎರಡೂ ಪಕ್ಕಗಳಲ್ಲಿ ದಾರ ಎಳೆದು ನೋಡುವುದು ಹಳೆಯ ಮೆಕ್ಯಾನಿಕ್‌ಗಳ ಪದ್ಧತಿ. ಮುಂದಿನ ಟೈರಿನ ಎರಡೂ ಬದಿಗೆ ದಾರ ಸಮದೂರದಲ್ಲಿ ಹಾದರೆ ಚಕ್ರಗಳು ಒಂದೇ ಗೆರೆಯಲ್ಲಿವೆ. ಈ ಪರೀಕ್ಷೆಗೆ ಖರ್ಚಾಗುವುದು ನಾಲ್ಕಾಣೆಯ ದಾರ. ಸಾವಿರಾರು ರೂಪಾಯಿಯ ಕೆಲಸ ಮಾಡಿಸಿದವರು ಇದನ್ನು ಕೇಳುವುದೇ ಇಲ್ಲ.

ಹಳೆಯ ಸ್ವಿಂಗ್ ಆರ್ಮನ್ನು ನಡುವೆ ಕತ್ತರಿಸಿ, ತುಂಡು ಸೇರಿಸಿ, ವೆಲ್ಡಿಂಗ್ ಮಾಡಿ ಅಗಲಿಸುವುದೂ ಬಳಕೆಯಲ್ಲಿದೆ. ಬೆಸುಗೆಯ ಪಕ್ಕದಲ್ಲಿ ಕಾದು ಆರಿದ ಉಕ್ಕಿನ ಗುಣ ಬದಲಾಗಿರುತ್ತದೆ. ಜಿಗ್ಗಿನಲ್ಲಿ ಬಿಗಿಹಿಡಿಯದೆ ಬೆಸೆದರೆ ತೋಳು ಸೊಟ್ಟಗಾಗುತ್ತದೆ. ಬಣ್ಣ ಬಳಿದ ಮೇಲೆ ಒಳ್ಳೆಯ ಬೆಸುಗೆಗೂ ಕೆಟ್ಟದ್ದಕ್ಕೂ ಭೇದ ಕಾಣದು. ಭೇದ ತಿಳಿಯುವುದು ಗುಂಡಿಯಲ್ಲಿ, ಹಿಂದೆ ಒಬ್ಬರು ಕುಳಿತಿರುವಾಗ. 350 ಸಿಸಿಯ ಹೊಸ ವಾಹನಗಳಲ್ಲಿ ಎಬಿಎಸ್ ಕಡ್ಡಾಯವಾಗಿರುವುದರಿಂದ, ಚಕ್ರದ ವೇಗವನ್ನು ಅಳೆಯುವ ಹಲ್ಲಿನ ಬಳೆಯನ್ನೂ ಹೊಸ ಚಕ್ರಕ್ಕೆ ವರ್ಗಾಯಿಸಿ, ಸಂವೇದಕದ ಅಂತರವನ್ನು ಸರಿಯಾಗಿ ಇಡಬೇಕು. ಇಲ್ಲದಿದ್ದರೆ ಎಚ್ಚರಿಕೆಯ ದೀಪ ಹತ್ತಿಕೊಂಡೇ ಇರುತ್ತದೆ. ಆ ದೀಪದ ಮೇಲೆ ಕಪ್ಪು ಪಟ್ಟಿ ಅಂಟಿಸಿದ ಮಹಾನುಭಾವರೂ ಇಲ್ಲದಿಲ್ಲ!

ಇಷ್ಟೆಲ್ಲ ಮಾಡಿ ದೊರೆಯುವುದೇನು? ‘ಹಿಡಿತ’ ಎಂದು ಉತ್ತರ ಬರುತ್ತದೆ. ಅಗಲವಾದ ಟೈರು ಹೆಚ್ಚು ನೆಲವನ್ನು ಹಿಡಿಯುತ್ತದೆ ಎಂಬುದು ಸಾಮಾನ್ಯರ ನಂಬಿಕೆ. ಒಂದು ಸ್ಥೂಲ ಲೆಕ್ಕ ನೋಡಬಹುದು. ಹಿಂದಿನ ಚಕ್ರದ ಮೇಲೆ 180 ಕಿಲೋ ಭಾರವಿದೆ. ಟೈರಿನಲ್ಲಿ 32 ಪೌಂಡು ಗಾಳಿಯಿದೆ, ಅಂದರೆ ಚದರ ಸೆಂಟಿಮೀಟರಿಗೆ ಸುಮಾರು 2.25 ಕಿಲೋ. ಭಾರವನ್ನು ಹೊರಲು ಬೇಕಾದ ನೆಲ 80 ಚದರ ಸೆಂಟಿಮೀಟರ್, ಒಂದು ಅಂಗೈಯಷ್ಟು. ಟೈರಿನ ಗೋಡೆಯ ಬಿರುಸಿನಿಂದ ಇದರಲ್ಲಿ ಅಲ್ಪಸ್ವಲ್ಪ ಹೆಚ್ಚುಕಡಿಮೆಯಾದೀತು. ಆದರೆ ಟೈರು 140 ಇರಲಿ, 180 ಇರಲಿ, ಭಾರವೂ ಗಾಳಿಯೂ ಬದಲಾಗದಿದ್ದರೆ ಅಂಗೈ ಅಷ್ಟೇ ಇರುತ್ತದೆ. ಬದಲಾಗುವುದು ಅದರ ಆಕಾರ: ಉದ್ದಕ್ಕಿದ್ದದ್ದು ಅಡ್ಡಕ್ಕೆ ತಿರುಗುತ್ತದೆ.

ಹಾಗಾದರೆ ಹಳ್ಳಿಯ ಟೈರುಗಾಡಿಯ ಕಥೆಯೇನು ಎಂದು ಕೇಳಬಹುದು. ಕಬ್ಬಿಣದ ಪಟ್ಟಿಯ ಕಿರಿಯ ಗಾಲಿ ಹೂತುಹೋಗುತ್ತಿದ್ದ ಕೆಸರಿನಲ್ಲಿ ಗಾಳಿ ತುಂಬಿದ ಅಗಲ ಗಾಲಿ ತೇಲಿದಂತೆ ಸಾಗುವುದನ್ನು ಕಂಡ ರೈತ, ಎತ್ತಿನ ಮೇಲಿನ ಕನಿಕರದಿಂದ ಅದನ್ನು ಒಪ್ಪಿಕೊಂಡ. ಅಲ್ಲಿ ನೆಲವೇ ಕುಸಿಯುವಂಥದ್ದು, ಅಗಲಕ್ಕೆ ಅರ್ಥವುಂಟು. ಡಾಂಬರು ಕುಸಿಯುವುದಿಲ್ಲ. ರೇಸಿನ ಮೋಟಾರ್ ಸೈಕಲ್ಲುಗಳಿಗೆ 180, 200ರ ಟೈರು ಬೇಕಾಗುವುದು ನೂರಾರು ಅಶ್ವಶಕ್ತಿಯ ಎಳೆತವನ್ನೂ ಅದರ ಬಿಸಿಯನ್ನೂ ತಾಳಿಕೊಳ್ಳುವುದಕ್ಕಾಗಿ. ಮೀಟಿಯರ್ 350ರ ಶಕ್ತಿ ಸುಮಾರು 20 ಅಶ್ವಶಕ್ತಿ. ಇಪ್ಪತ್ತು ಕುದುರೆಗೆ ಇನ್ನೂರು ಕುದುರೆಯ ಲಾಳ ಹೊಡೆದಂತಾಯಿತು.

ತಿರುವಿನಲ್ಲಿ ಇನ್ನೊಂದು ಬೆಲೆ ತೆರಬೇಕಾಗುತ್ತದೆ. ಮೋಟಾರ್ ಸೈಕಲ್ಲು ಬಾಗಿದಾಗ ಟೈರು ನೆಲಕ್ಕೆ ತಾಗುವ ಜಾಗ ನಡುವಿನಿಂದ ಪಕ್ಕಕ್ಕೆ ಸರಿಯುತ್ತದೆ. ಟೈರು ಅಗಲವಾದಷ್ಟೂ ಹೆಚ್ಚು ಸರಿಯುತ್ತದೆ. ಅದೇ ವೇಗದಲ್ಲಿ ಅದೇ ತಿರುವನ್ನು ದಾಟಲು ಇನ್ನೂ ಒಂದೆರಡು ಡಿಗ್ರಿ ಹೆಚ್ಚು ಬಾಗಬೇಕಾಗುತ್ತದೆ. ಕ್ರೂಸರಿನ ಕಾಲುಮೆಟ್ಟಿಲು ಮೊದಲೇ ತಗ್ಗಿನಲ್ಲಿರುವುದರಿಂದ ಅದು ನೆಲಕ್ಕೆ ಬೇಗ ಉಜ್ಜುತ್ತದೆ. ಮುಂದಿನ ಟೈರು 100, ಹಿಂದಿನದು 180. ಎರಡೂ ಬೇರೆ ಬೇರೆ ರೀತಿಯಲ್ಲಿ ವಾಲುವುದರಿಂದ ವಾಹನ ‘ತಿರುಗು’ ಎಂದರೆ ‘ಯೋಚಿಸಿ ಹೇಳುತ್ತೇನೆ’ ಎನ್ನುತ್ತದೆ. ಬೆಂಗಳೂರಿನ ಹಲವು ರಸ್ತೆಗಳಲ್ಲಿ ಕಾಂಕ್ರೀಟಿನ ಪದರಕ್ಕೂ ಪಕ್ಕದ ಡಾಂಬರಿಗೂ ನಡುವೆ ಉದ್ದಕ್ಕೆ ಓಡುವ ಅಂಚಿರುತ್ತದೆ. ಅಗಲ ಟೈರಿನ ಒಂದು ಪಕ್ಕ ಆ ಅಂಚನ್ನು ಹತ್ತಿದೊಡನೆ ವಾಹನ ತಾನಾಗಿ ವಾಲುತ್ತದೆ. ಮಳೆಗಾಲದಲ್ಲಿ ನಿಂತ ನೀರಿನ ಮೇಲೆ ವೇಗವಾಗಿ ಹೋದರೆ, ಅಡ್ಡಕ್ಕೆ ಹರಡಿದ ಅಂಗೈ ನೀರನ್ನು ಸುಲಭವಾಗಿ ತಳ್ಳಲಾರದೆ ಅದರ ಮೇಲೆಯೇ ಜಾರುತ್ತದೆ.

ಚೆಂದಕ್ಕಾಗಿ ಮಾಡುವುದು ತಪ್ಪೆಂದು ಇದರ ಅರ್ಥವಲ್ಲ. ಎತ್ತಿನ ಕೊಂಬಿಗೆ ಹಿತ್ತಾಳೆಯ ಕೊಡಣಸು ಹಾಕಿ, ಕೊರಳಿಗೆ ಗಂಟೆ ಕಟ್ಟಿದ ಜನರ ಮಕ್ಕಳು ಬೈಕನ್ನು ಸಿಂಗರಿಸುವುದು ಸಹಜವೇ. ಆದರೆ ಕೊಂಬಿನ ಸಿಂಗಾರದಿಂದ ಗಾಡಿಯಲ್ಲಿ ಕುಳಿತ ಹೆಂಗಸಿನ ಜಾಗ ಹೋಗುತ್ತಿರಲಿಲ್ಲ.

ಇಲ್ಲಿ ಹೋಗುತ್ತದೆ. ಅಗಲ ಟೈರಿಗೆ ಜಾಗ ಮಾಡುವಾಗ ಮೊಟ್ಟಮೊದಲು ಬಿಚ್ಚಿ ಮೂಲೆಗೆಸೆಯುವ ವಸ್ತು ಸೀರೆ ಗಾರ್ಡ್. ನೋಟ ಕೆಡಿಸುತ್ತದೆ ಎಂಬುದು ಅದರ ಮೇಲಿನ ಆರೋಪ. ಅದರ ಹಿಂದೆಯೇ ಹಿಂಬದಿಯ ಹಿಡಿಕೆ ಹೋಗುತ್ತದೆ. ಅನೇಕ ವೇಳೆ ಹಿಂದಿನ ಆಸನವೇ ಹೋಗಿ, ಬರಿಯ ಮಡ್‌ಗಾರ್ಡ್ ಉಳಿಯುತ್ತದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೆಯ ನಿಯಮ ಹಿಂದೆ ಕೂರುವವರಿಗಾಗಿಯೇ ಇದೆ: ಹಿಡಿಕೆ ಇರಬೇಕು, ಕಾಲಿಡುವ ಜಾಗ ಇರಬೇಕು, ಬಟ್ಟೆ ಚಕ್ರಕ್ಕೆ ಸಿಕ್ಕಿಕೊಳ್ಳದಂತೆ ಹಿಂದಿನ ಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದ ಭಾಗವನ್ನು ಮುಚ್ಚುವ ರಕ್ಷಣೆ ಇರಬೇಕು. ಸೆರಗು, ದುಪಟ್ಟಾ, ಮಳೆಯಂಗಿಯ ಅಂಚು ಇವುಗಳಲ್ಲಿ ಯಾವುದು ಚಕ್ರಕ್ಕೆ ಸಿಕ್ಕಿದರೂ ಕೊರಳಿಗೆ ಉರುಳು ಬಿಗಿದಂತೆಯೇ. ಅಗಲವಾದ ಟೈರು ತೋಳುಗಳಿಂದ ಹೊರಚಾಚಿ ಬಟ್ಟೆಗೆ ಇನ್ನಷ್ಟು ಹತ್ತಿರವಾಗಿರುತ್ತದೆ ಎಂಬುದನ್ನು ನೆನೆದರೆ, ಗಾರ್ಡನ್ನು ತೆಗೆಯಬಾರದ ವೇಳೆಯಲ್ಲಿಯೇ ತೆಗೆದಂತಾಗುತ್ತದೆ.

ಇಂತಹ ವಾಹನ ಮನೆಗೆ ಬಂದ ದಿನ ತಾಯಿ ಆರತಿಯ ತಟ್ಟೆ ಹಿಡಿದು ಹೊರಗೆ ಬಂದು, ಎರಡು ಸುತ್ತು ನೋಡಿ, “ಚೆನ್ನಾಗಿದೆ ಕಣೋ. ಗುರುವಾರ ಮಠಕ್ಕೆ ಹೋಗುವಾಗ ನಾನೆಲ್ಲಿ ಕೂರಲಿ?” ಎಂದರೆ, ಮಗ “ಆಟೋ ಕರೆಸ್ತೀನಿ ಬಿಡಮ್ಮ” ಎನ್ನುತ್ತಾನೆ. ನಲವತ್ತು ಮಿಲಿಮೀಟರಿನ ಜಾಗ ಎಲ್ಲಿಂದ ಬಂತೆಂಬ ಟರ್ನರನ ಪ್ರಶ್ನೆಗೆ ಉತ್ತರದ ಒಂದು ಪಾಲು ಅಲ್ಲಿದೆ.

ಕಾನೂನಿನ ಮಾತನ್ನು ಚಿಕ್ಕದಾಗಿ ಹೇಳಬಹುದು. ಅದರಲ್ಲಿ ಹೆಚ್ಚು ಗೊಂದಲವಿಲ್ಲ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣದಂತೆ, ತಯಾರಕರು ನಮೂದಿಸಿದ ವಿವರಕ್ಕೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಕೂಡದು. ಕೇರಳದಿಂದ ಬಂದ ಮೊಕದ್ದಮೆಯೊಂದರಲ್ಲಿ ಸರ್ವೋಚ್ಚ ನ್ಯಾಯಾಲಯ 2019ರ ಜನವರಿ 9ರಂದು ಇದನ್ನೇ ಒತ್ತಿ ಹೇಳಿತು. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ಪ್ರಕರಣದ ಪ್ರಕಾರ, ಅನುಮತಿಯಿಲ್ಲದೆ ಮಾರ್ಪಡಿಸಿದ ಮಾಲಿಕನಿಗೆ ಆರು ತಿಂಗಳವರೆಗೆ ಸೆರೆ, ಇಲ್ಲವೆ ಪ್ರತಿಯೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಇಲ್ಲವೆ ಎರಡೂ. ಪ್ರತಿಯೊಂದು ಮಾರ್ಪಾಡಿಗೂ ಎಂಬ ಮಾತನ್ನು ಗಮನಿಸಬೇಕು. ಸ್ವಿಂಗ್ ಆರ್ಮ್ ಒಂದು, ಚಕ್ರ ಒಂದು, ತೆಗೆದ ಗಾರ್ಡ್ ಒಂದು ಎಂದು ಎಣಿಸಲು ಹೊರಟರೆ ಕಿಟ್ಟಿನ ಬೆಲೆಯ ಪಕ್ಕದಲ್ಲಿ ದಂಡದ ಬೆಲೆಯೂ ನಿಲ್ಲುತ್ತದೆ. ವಿಮಾ ಸಂಸ್ಥೆಗೆ ತಿಳಿಸದೆ ಮಾಡಿದ ಮಾರ್ಪಾಡು ಪರಿಹಾರ ಕೇಳುವಾಗ ತಕರಾರಿಗೆ ಎಡೆಕೊಡುತ್ತದೆ. ರಸ್ತೆಗಿಳಿಯದೆ ಪ್ರದರ್ಶನಕ್ಕೆಂದೇ ಕಟ್ಟಿದ ವಾಹನದ ಮಾತು ಬೇರೆ. ಅಲ್ಲಿ ಕುಶಲಿಗನ ಕೈಚಳಕಕ್ಕೆ ಬೇಕಾದಷ್ಟು ಅವಕಾಶವುಂಟು.

ಅಗಲದ ಮೋಹ ಬಿಡದಿದ್ದರೆ, ಅಗಲವಾಗಿಯೇ ಹುಟ್ಟಿದ ವಾಹನಗಳಿವೆ. 2023ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ಸೂಪರ್ ಮೀಟಿಯರ್ 650ರ ಹಿಂದಿನ ಟೈರು 150/80-16. ಹಾರ್ಲಿ-ಡೇವಿಡ್‌ಸನ್ನಿನ ಫ್ಯಾಟ್ ಬಾಯ್ 2018ರ ಮಾದರಿಯಿಂದ 240 ಮಿಲಿಮೀಟರಿನ ಟೈರನ್ನು ಹೊತ್ತಿದೆ. ಆದರೆ ಅದರ ತೂಕ ಮುನ್ನೂರು ಕಿಲೋ ಮೀರುತ್ತದೆ, ಚೌಕಟ್ಟು, ತೋಳು, ಚೈನಿನ ಬದಲು ಬೆಲ್ಟು, ಎಲ್ಲವನ್ನೂ ಆ ಟೈರಿಗೆಂದೇ ಕಾಗದದ ಮೇಲೆ ಎಳೆದು ಮಾಡಿದ್ದಾರೆ. ಬೆಲೆಯೂ ಹಾಗೆಯೇ ಇದೆಯೆನ್ನುವುದು ನಿಜ. ಸಾಮಾನ್ಯ ಸಂಬಳದ ತರುಣನಿಗೆ ಎಟುಕದ ಆ ಬೆಲೆಯೇ ಅವನನ್ನು ಕಿಟ್ಟಿನ ಕಡೆಗೆ ಕಳುಹಿಸುತ್ತದೆ ಎಂಬುದನ್ನೂ ಒಪ್ಪಬೇಕು.

ಇಷ್ಟಾದರೂ ಮಾಡಿಸುವವರು ಮಾಡಿಸಿಯೇ ತೀರುತ್ತಾರೆ. ಅವರಲ್ಲಿ ಬುದ್ಧಿವಂತರು ಒಂದು ಕೆಲಸ ಮಾಡುವುದುಂಟು. ಬಿಚ್ಚಿದ ಹಳೆಯ ಚಕ್ರ, ಸ್ವಿಂಗ್ ಆರ್ಮ್, ಸ್ಪ್ರಾಕೆಟ್ಟು, ಸೀರೆ ಗಾರ್ಡ್ ಎಲ್ಲಕ್ಕೂ ಎಣ್ಣೆ ಸವರಿ, ಗೋಣಿಯಲ್ಲಿ ಸುತ್ತಿ, ಅಟ್ಟದ ಮೇಲೆ ಇಟ್ಟುಕೊಳ್ಳುತ್ತಾರೆ. ವಾಹನವನ್ನು ಮಾರುವಾಗ, ಇಲ್ಲವೆ ಹದಿನೈದು ವರ್ಷಕ್ಕೆ ನೋಂದಣಿಯ ನವೀಕರಣಕ್ಕೆಂದು ಪರಿಶೀಲನೆಗೆ ಒಯ್ಯುವಾಗ, ಇಲ್ಲವೆ ಮದುವೆಯಾದ ಮೇಲೆ, ಅವು ಕೆಳಗಿಳಿಯುತ್ತವೆ. ಬೋಲ್ಟು ಬಿಗಿದು ಕೂರಿಸಿದ ಕಿಟ್ಟಾದರೆ ಬಲ್ಲ ಮೆಕ್ಯಾನಿಕ್ ಅರ್ಧ ದಿನದಲ್ಲಿ ಹಳೆಯ ರೂಪಕ್ಕೆ ತಂದುಕೊಡುತ್ತಾನೆ. ಹಳೆಯ ತೋಳನ್ನೇ ಕತ್ತರಿಸಿ ಬೆಸೆದಿದ್ದರೆ ಮಾತ್ರ ಅಟ್ಟದಲ್ಲಿ ಹುಡುಕಲು ಏನೂ ಇರುವುದಿಲ್ಲ, ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳಲ್ಲಿ ವಿಚಾರಿಸಬೇಕು.